ಡಾಂಬರು ಬಳಿದ್ರೆ ತುಕ್ಕು ಸಾಯಲ್ಲ ಕಣ್ರಪ್ಪ

ಲೊಕ್ಕನಹಳ್ಳಿ ಸುತ್ತಮುತ್ತ ಹಳೇ ಓಮ್ನಿ ಇಟ್ಕೊಂಡಿರೋ ರೈತ ಬಂಧುಗಳೇ, ಒಂದ್ಸಲ ಮ್ಯಾಟ್ ಎತ್ತಿ ನೋಡಿ.

ನಾನು ಎತ್ತಿದ್ದು ತಡವಾಗಿ. ಎರಡು ವರ್ಷದ ಹಿಂದೆ ಒಬ್ಬ ಟಿಂಕರ್ ತೂತಿನ ಮೇಲೆ ತೆಳು ತಗಡು ಇಟ್ಟು, ನಾಲ್ಕು ಕಡೆ ಚುಕ್ಕೆ ವೆಲ್ಡ್ ಹಾಕಿ, ಡಾಂಬರು ಬಳಿದುಕೊಟ್ಟ. ದುಡ್ಡು ಉಳೀತು ಅಂತ ನಾನೂ ಸುಮ್ಮನಾದೆ. ಮೊನ್ನೆ ಹನೂರು ದಾರೀಲಿ ಬ್ರೇಕ್ ಹಾಕಿದ್ರೆ, ಮನೆಯವಳು ಮೊಮ್ಮಗನ್ನ ಎತ್ಕೊಂಡು ಕೂತಿದ್ದ ಹಿಂದಿನ ಸೀಟೇ ಜರುಗಿಬಿಡ್ತು. ಬೋಲ್ಟ್ ಹಿಡಿದಿದ್ದ ತಗಡು ಹಪ್ಪಳವಾಗಿತ್ತು.

‘ಹಳೇ ಗಾಡಿಗೆ ಇಷ್ಟು ಸಾಕು’ ಅಂತಾರಲ್ಲ, ಗಾಡಿ ಹಳೇದು ಸರಿ, ಒಳಗೆ ಕೂರೋ ಮಕ್ಕಳು? ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಇರೋದನ್ನೇ ಉಳಿಸ್ಕೋಬೇಕು.

ಡಾಂಬರಿನ ಕೆಳಗೆ ಪಸೆ ಸಿಕ್ಕಿಕೊಂಡರೆ ತುಕ್ಕು ಕಣ್ಣಿಗೆ ಬೀಳದೆ ತಿನ್ನುತ್ತೆ. ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ, ಗಟ್ಟಿ ತಗಡು ಸಿಗೋವರೆಗೂ ಕತ್ತರಿಸಿ ತೆಗೆಸಬೇಕು. ಹೊಸ ತಗಡನ್ನ ಸುತ್ತಲೂ ವೆಲ್ಡ್ ಮಾಡಿಸಿ, ಪ್ರೈಮರ್, ಸಂದಿಗೆ ಸೀಲರ್, ಡಾಂಬರು ಕಡೇಗೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿಸಿ, ಮ್ಯಾಟ್ ತೆಗೆಸಿ. ಪೆಟ್ರೋಲ್ ಪೈಪು ಅಡೀಲೇ ಹೋಗುತ್ತೆ, ಹುಷಾರು.

ಟಿಂಕರನ್ನ ಮಾತ್ರ ಬೈದು ಉಪಯೋಗ ಇಲ್ಲ. ಗೊಬ್ಬರದ ಮೂಟೆ ಹೇರೋರು ನಾವೇ ತಾನೇ? ಪೊಟ್ಯಾಷ್ ಅಂದ್ರೆ ಪೊಟ್ಯಾಷಿಯಂ ಕ್ಲೋರೈಡ್, ಉಪ್ಪಿನ ಜಾತಿ. ಚೆಲ್ಲಿದ ಹರಳು ಮ್ಯಾಟ್ ಕೆಳಗೆ ಸೇರಿ ತಗಡು ತಿನ್ನುತ್ತೆ. ಟಾರ್ಪಲ್ ಹಾಸಿ, ಇಳಿಸಿದ ದಿನವೇ ಗುಡಿಸಿ.

ನನ್ನ ಗಾಡಿ ಈಗ ಬೇರೆ ಶೆಡ್‌ನಲ್ಲಿದೆ. ಸೀಟಿನ ಕೆಳಗಿಂದು ಪೂರ್ತಿ ಕತ್ತರಿಸೋಕೆ ಹೇಳಿದ್ದೀನಿ.