ಸುಳ್ಳುಗಾರನ ನಿಯತ್ತು

ಸದಾ ನಿಜ ಹೇಳುವವರು ಮತ್ತು ಸದಾ ಸುಳ್ಳು ಹೇಳುವವರು ಮಾತ್ರ ಇರುವ ದ್ವೀಪದ ಒಗಟುಗಳನ್ನು ಬಿಡಿಸಿದರೆ, ಸುಳ್ಳುಗಾರರನ್ನು ಪತ್ತೆಹಚ್ಚುವ ಜಾಣತನ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ನನಗದು ಪೂರ್ತಿ ಒಪ್ಪಿಗೆಯಾಗಿಲ್ಲ. 1978ರ ಪುಸ್ತಕವೊಂದರಲ್ಲಿ ರೇಮಂಡ್ ಸ್ಮಲ್ಯನ್ ಜನಪ್ರಿಯಗೊಳಿಸಿದ ಈ ದ್ವೀಪದಲ್ಲಿ ಸುಳ್ಳುಗಾರ ತಪ್ಪಿಯೂ ನಿಜ ಆಡುವುದಿಲ್ಲ. ಅವನ ಮಾತನ್ನು ತಿರುವಿಹಾಕಿದರೆ ಸತ್ಯ ಸಿಕ್ಕಿತು. ಬೆಂಗಳೂರಿನ ನಮ್ಮ ಹನುಮಂತನಗರದಲ್ಲಿ ಎದುರಾಗುವವರಾದರೋ ಹತ್ತು ನಿಜಗಳ ನಡುವೆ ಒಂದು ಸುಳ್ಳು ಸೇರಿಸುವವರು.

ಇವು ಚುರುಕುಬುದ್ಧಿಯವರ ಆಟ ಎನ್ನುವುದೂ ಅರ್ಧ ಸತ್ಯವೇ. ‘ನಮ್ಮಿಬ್ಬರಲ್ಲಿ ಒಬ್ಬನಾದರೂ ಸುಳ್ಳುಗಾರ’ ಎಂದು ದ್ವೀಪದವನೊಬ್ಬ ಹೇಳಿದನೆನ್ನಿ. ಅವನೇ ಸುಳ್ಳುಗಾರನಾಗಿದ್ದರೆ ಆ ಮಾತು ನಿಜವಾಗಿಬಿಡುತ್ತದೆ. ಸುಳ್ಳುಗಾರ ನಿಜ ಹೇಳುವಂತಿಲ್ಲ. ಹಾಗಾಗಿ ಅವನು ಸತ್ಯವಂತ, ಜೊತೆಯವನು ಸುಳ್ಳುಗಾರ. ಇಲ್ಲಿ ಬೇಕಾದದ್ದು ಮಿಂಚಿನ ಬುದ್ಧಿಯಲ್ಲ, ಒಂದೊಂದೇ ಸಾಧ್ಯತೆಯನ್ನು ಕೊನೆಯವರೆಗೂ ಹಿಂಬಾಲಿಸುವ ತಾಳ್ಮೆ.

ಹಾಗಾದರೆ ದ್ವೀಪದಿಂದ ನಮ್ಮ ಬೀದಿಗೆ ಏನೂ ಬರುವುದಿಲ್ಲವೇ? ಬರುತ್ತದೆ, ಆದರೆ ಬೇರೆಯದೇ ಒಂದು ಪಾಠ. ‘ನಾನು ಸತ್ಯವಂತ’ ಎಂದು ಅಲ್ಲಿ ಇಬ್ಬರೂ ಹೇಳುತ್ತಾರೆ. ಆದ್ದರಿಂದ ಆ ಮಾತಿನಿಂದ ನಮಗೆ ತಿಳಿಯುವುದು ಏನೂ ಇಲ್ಲ. ಪುಣ್ಯಕೋಟಿ ಮರಳಿ ಬರುತ್ತೇನೆಂದು ಆಣೆಯಿಟ್ಟಾಗ ಹುಲಿಗೆ ಸಿಕ್ಕಿದ್ದೂ ಇಷ್ಟೇ: ವಂಚಿಸುವ ಹಸುವೂ ಅದನ್ನೇ ಹೇಳುತ್ತಿತ್ತು. ಸತ್ಯ ಗೊತ್ತಾದದ್ದು ಅದು ಬಂದು ನಿಂತಾಗ.

ನಮ್ಮ ಬಡಾವಣೆಯಲ್ಲೂ ಹೀಗೆಯೇ. ಇಲ್ಲಿನ ಐವತ್ತಡಿ ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಕೇಳುವುದು, ‘ನೀರಿಗೆ ತೊಂದರೆ ಇಲ್ಲ ತಾನೆ?’ ‘ಏನೂ ಇಲ್ಲ ಸಾರ್’ ಎನ್ನುತ್ತಾರೆ ಮನೆ ತೋರಿಸುವವರು. ಸಂಪು ತುಂಬಿದ್ದರೂ ಅದೇ ಉತ್ತರ, ಬತ್ತಿದ್ದರೂ ಅದೇ. ನಾವು ಆ ದನಿಯಲ್ಲಿ, ಮುಖದಲ್ಲಿ ಪ್ರಾಮಾಣಿಕತೆ ಹುಡುಕುತ್ತೇವೆ. ನನ್ನ ಮಟ್ಟಿಗೆ ದೋಷ ಇರುವುದು ಉತ್ತರದಲ್ಲಲ್ಲ, ಪ್ರಶ್ನೆಯಲ್ಲಿ. ‘ಕಾವೇರಿ ನೀರು ಯಾವ ಯಾವ ದಿನ ಬಿಡ್ತಾರೆ, ಎಷ್ಟು ಹೊತ್ತು? ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿದ್ರಾ?’ ಎಂದರೆ ಉತ್ತರಗಳು ಬೇರೆಯಾಗುವ ಸಾಧ್ಯತೆಯಾದರೂ ಇದೆ.

ಮೊದಲೇ ಸಿದ್ಧವಾಗಿ ಬಂದವರು ಇದಕ್ಕೂ ಸುಳ್ಳು ಹೇಳಬಹುದಲ್ಲ ಎಂದು ನೀವು ಕೇಳಬಹುದು. ಖಂಡಿತ ಹೇಳಬಹುದು. ಆದರೆ ದಿನ, ಗಂಟೆಗಳ ಲೆಕ್ಕವನ್ನು ಕೆಳಗಿನ ಮನೆಯವರ ಬಳಿ ತಾಳೆ ನೋಡಬಹುದು. ‘ಏನೂ ಇಲ್ಲ ಸಾರ್’ ಎಂಬುದನ್ನು ತಾಳೆ ನೋಡುವುದು ಹೇಗೆ?