ಹೊರೆ ಇಳಿಸುವ ಭರದಲ್ಲಿ ಕೈಬಿಟ್ಟ ಪಾಠ



ಕೋವಿಡ್ ಮಹಾಮಾರಿಯಿಂದ ನಷ್ಟವಾದ ವ್ಯಾಸಂಗಕಾಲವನ್ನು ಗಮನದಲ್ಲಿರಿಸಿಕೊಂಡು, ಮಕ್ಕಳ ಪಠ್ಯಭಾರವನ್ನು ಕಡಿಮೆಮಾಡಬೇಕೆಂಬ ಉದ್ದೇಶದಿಂದ, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2022ರಲ್ಲಿ ತನ್ನ ಪುಸ್ತಕಗಳಿಂದ ಅನೇಕ ಭಾಗಗಳನ್ನು ತೆಗೆದುಹಾಕಿತಷ್ಟೆ. ಚರಿತ್ರೆಯ ಪಾಠಗಳನ್ನೂ ಡಾರ್ವಿನ್ನನ ವಿಕಾಸವಾದವನ್ನೂ ಕುರಿತು ಅನಂತರ ದೇಶದಲ್ಲೆಲ್ಲ ವಾಗ್ವಾದ ನಡೆಯಿತು, ಅದು ನಡೆಯಬೇಕಾದದ್ದೇ. ಆದರೆ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ, ನಾವೇಕೆ ಕಾಯಿಲೆ ಬೀಳುತ್ತೇವೆ ಎಂಬುದನ್ನು ವಿವರಿಸುತ್ತಿದ್ದ ಅಧ್ಯಾಯವನ್ನು ಸಂಪೂರ್ಣವಾಗಿ ಕೈಬಿಟ್ಟದ್ದಕ್ಕೆ, ಲೋಕವೆಲ್ಲ ಕಾಯಿಲೆಯ ಭಯದಿಂದ ಆಗತಾನೆ ಚೇತರಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿಯೂ, ತಕ್ಕಷ್ಟು ಆಕ್ಷೇಪಣೆ ಕೇಳಿಬರಲಿಲ್ಲವೆಂಬ ವ್ಯಥೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಆ ಅಧ್ಯಾಯ ರೋಗಗಳ ಮತ್ತು ರೋಗಾಣುಗಳ ಹೆಸರುಗಳನ್ನು ಎದುರುಬದುರು ಬರೆದ ಕೋಷ್ಟಕವಾಗಿರಲಿಲ್ಲ. ಬ್ಯಾಕ್ಟೀರಿಯಾ ತನ್ನ ರಕ್ಷಣೆಗೆ ಕಟ್ಟಿಕೊಳ್ಳುವ ಕೋಶಭಿತ್ತಿಯ ನಿರ್ಮಾಣವನ್ನು ಪೆನಿಸಿಲಿನ್ ಎಂಬ ಆಂಟಿಬಯಾಟಿಕ್ ತಡೆಯುತ್ತದೆ, ಮನುಷ್ಯನ ಜೀವಕೋಶಕ್ಕೆ ಅಂತಹ ಭಿತ್ತಿಯಿಲ್ಲದ ಕಾರಣ ಆ ಔಷಧಿ ರೋಗಾಣುವನ್ನು ನಾಶಮಾಡಿ ರೋಗಿಯನ್ನು ಉಳಿಸುತ್ತದೆ, ವೈರಸ್ಸಿನಲ್ಲಿ ಆ ಬಗೆಯ ಕ್ರಿಯೆಗಳೇ ಇಲ್ಲದುದರಿಂದ ನೆಗಡಿಗೆ ಅದು ನಿರುಪಯೋಗಿ ಎಂಬ ಕಾರ್ಯಕಾರಣ ಸಂಬಂಧವನ್ನು ಹದಿನಾಲ್ಕು ವರ್ಷದ ವಿದ್ಯಾರ್ಥಿಗೆ ಅರ್ಥವಾಗುವಂತೆ ಅದು ಹೇಳುತ್ತಿತ್ತು. ಜಠರದ ಹುಣ್ಣಿಗೆ ಮನಸ್ಸಿನ ಚಿಂತೆಯೇ ಮೂಲವೆಂದು ನಂಬಿದ್ದ ವೈದ್ಯಲೋಕಕ್ಕೆ ಅದರ ಹಿಂದಿದ್ದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟು, 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರ ವೃತ್ತಾಂತವೂ ಅಲ್ಲಿತ್ತು. ತರಗತಿಯಲ್ಲಿ ಆ ಪುಟಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತಿ ಕೇಳುತ್ತಿದ್ದುದನ್ನು ನಾನು ಬಲ್ಲೆ.

ಕೆಳಗಿನ ತರಗತಿಗಳಲ್ಲಿ ಸೂಕ್ಷ್ಮಜೀವಿಗಳ ಪಾಠ ಇದ್ದೇ ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ಇದೆ, ನಿಜ. ಆದರೆ ಹನ್ನೆರಡು ಹದಿಮೂರರ ಮಗು ಪರೀಕ್ಷೆಗೆಂದು ಕಂಠಪಾಠ ಮಾಡಿದ್ದು ಬೇರೆ, ಹದಿನೈದು ಹದಿನಾರರ ಪ್ರಾಯದಲ್ಲಿ, ತನ್ನ ಮೈಯ ಕ್ಷೇಮವನ್ನು ತಾನೇ ನೋಡಿಕೊಳ್ಳತೊಡಗುವ ಹೊತ್ತಿಗೆ, ತಿಳಿಯಬೇಕಾದದ್ದು ಬೇರೆ. ಕ್ಷಯರೋಗವನ್ನೇ ತೆಗೆದುಕೊಳ್ಳೋಣ. ಪ್ರಪಂಚದ ಕ್ಷಯರೋಗಿಗಳಲ್ಲಿ ಕಾಲುಭಾಗದಷ್ಟು ಜನ ನಮ್ಮ ದೇಶದವರು. ಶೈಶವದಲ್ಲಿ ಹಾಕಿಸಿದ ಬಿ.ಸಿ.ಜಿ. ಲಸಿಕೆ ಎಳೆಯ ಮಕ್ಕಳನ್ನು ಆ ರೋಗದ ಉಗ್ರರೂಪಗಳಿಂದ ಕಾಪಾಡುತ್ತದೆಯೇ ಹೊರತು ಪ್ರಾಯಕ್ಕೆ ಬಂದವರಿಗೆ ಅದರ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಹರೆಯದಲ್ಲಿಯೇ ಕ್ಷಯದ ಸಂಭವ ಏರತೊಡಗುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಹೊತ್ತಿಗೆ ಏರುವ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆ ಉಚಿತವೆಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತಿದೆ? ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯತಕ್ಕದ್ದು. ಆದರೆ ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿ ಹಸಿವು ಮರಳುವುದರಿಂದ, ರೋಗ ಹೋಯಿತೆಂದು ಮಾತ್ರೆ ನಿಲ್ಲಿಸುವವರೂ, ರಿಫಾಂಪಿಸಿನ್ ಔಷಧಿಯಿಂದ ಮೂತ್ರ ಕೆಂಪುಮಿಶ್ರಿತ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಹೆದರಿ ಬಿಡುವವರೂ ಉಂಟು. ಹಾಗೆ ಬಿಟ್ಟಲ್ಲಿ ಉಳಿದುಕೊಂಡ ರೋಗಾಣುಗಳು ಔಷಧಿಗೆ ಜಗ್ಗದಂತಾಗಿ, ಮೊದಲಿಗಿಂತ ದೀರ್ಘವೂ ಕಠಿಣವೂ ಆದ ಚಿಕಿತ್ಸೆಗೆ ರೋಗಿಯನ್ನು ಗುರಿಮಾಡಬಹುದು. ಮಗಳಿಗೆ ಕ್ಷಯವೆಂದರೆ ಮದುವೆಗೆ ಅಡ್ಡಿಯೆಂದು ಮುಚ್ಚಿಡುವ ಮನೆಗಳಲ್ಲಿ, ಇದು ಗುಣವಾಗುವ ರೋಗವೆಂದು ಧೈರ್ಯವಾಗಿ ಹೇಳಬಲ್ಲವಳು ಓದಿದ ಆ ಹುಡುಗಿಯೊಬ್ಬಳೇ. ಅವಳಿಗೇ ಅದನ್ನು ಯಾರೂ ಕಲಿಸದಿದ್ದರೆ ಹೇಳುವವರಾರು?

ಗಂಟಲುನೋವಿನ ವಿಷಯವೂ ಹೀಗೆಯೆ. ಬಹುಪಾಲು ಗಂಟಲುನೋವು ವೈರಸ್ಸಿನಿಂದ ಬಂದು ತಾನಾಗಿ ಹೋಗುತ್ತದೆ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದನ್ನು ಅಲಕ್ಷ್ಯಮಾಡಿದರೆ, ಮುಖ್ಯವಾಗಿ ಐದರಿಂದ ಹದಿನೈದರ ವಯಸ್ಸಿನವರಲ್ಲಿ, ಕೀಲುನೋವಿನೊಡನೆ ಕಾಣಿಸಿಕೊಳ್ಳುವ ರುಮಾಟಿಕ್ ಜ್ವರವುಂಟಾಗಿ ಹೃದಯದ ಕವಾಟಗಳು ಶಾಶ್ವತವಾಗಿ ಕೆಡಬಹುದು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟುವ ಗಂಟಲಮಾರಿ (ಡಿಫ್ತೀರಿಯಾ) ಅಂತೂ ಗತಕಾಲದ ರೋಗವೆಂದು ನಾವು ಭಾವಿಸಿದ್ದರೂ, ಈಚಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಮತ್ತೆ ತಲೆದೋರಿದೆ. ಅದಕ್ಕೂ ಧನುರ್ವಾಯುವಿಗೂ ಪ್ರತಿಬಂಧಕವಾದ ಟಿ.ಡಿ. ಲಸಿಕೆಯನ್ನು ಹತ್ತನೆಯ ಹಾಗೂ ಹದಿನಾರನೆಯ ವಯಸ್ಸಿನಲ್ಲಿ ಸರಕಾರವೇ ಉಚಿತವಾಗಿ ಕೊಡುತ್ತದೆ. ಲಸಿಕೆಯೆಂದರೆ ಹಸುಗೂಸುಗಳ ಸಂಗತಿಯೆಂದುಕೊಂಡ ತಂದೆತಾಯಿಗಳು ಹದಿನಾರನೆಯ ವರ್ಷದ ಸರದಿಯನ್ನು ನೆನಪಿಡುವುದು ಅಪರೂಪ. ಆ ನೆನಪನ್ನು ಮಕ್ಕಳಿಗೇ ಒಪ್ಪಿಸುವುದು ಸೂಕ್ತ.

ಕ್ಷಯದ ಔಷಧಿಗಳನ್ನೂ ಪ್ರಬಲವಾದ ಹಲವು ಆಂಟಿಬಯಾಟಿಕ್‌ಗಳನ್ನೂ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಎಚ್-1 ಅನುಸೂಚಿಯ ನಿಯಮ 2014ರಿಂದ ಜಾರಿಯಲ್ಲಿದೆ. ಹಾಗಿದ್ದೂ ಜ್ವರವೆಂದೊಡನೆ ಅಂಗಡಿಗೆ ಹೋಗಿ ಆಂಟಿಬಯಾಟಿಕ್ ಕೇಳುವ ಅಭ್ಯಾಸ ನಮ್ಮ ಊರುಗಳಲ್ಲಿ ಎಷ್ಟು ವ್ಯಾಪಕವೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಕಾನೂನಿನಿಂದ ಮಾತ್ರ ಈ ಅಭ್ಯಾಸ ಹೋಗದು. ಪೆನಿಸಿಲಿನ್ ನೆಗಡಿಗೇಕೆ ನಾಟುವುದಿಲ್ಲವೆಂಬುದನ್ನು ಅರಿತ ವಿದ್ಯಾರ್ಥಿ ಮಾತ್ರೆಯನ್ನು ಹೀಗೆ ಕೇಳಲಾರ. ಆ ಅರಿವನ್ನು ಕೊಡುತ್ತಿದ್ದ ಪುಟಗಳನ್ನೇ ನಾವು ಹೊರೆಯೆಂದು ತೆಗೆದೆವು.

ಕ್ಷಯದ ಸಂಶೋಧನೆಗೆಂದೇ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಆ ರೋಗಕ್ಕೆ ತುತ್ತಾದ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣೆಯಲ್ಲಿ ಕಟ್ಟಿಸಿದ ಆಸ್ಪತ್ರೆ ನಮ್ಮ ಮೈಸೂರಿನಲ್ಲಿದೆ. ಇಷ್ಟು ಪರಂಪರೆಯುಳ್ಳ ನಾಡಿನ ಶಿಕ್ಷಣ ಇಲಾಖೆ ದೆಹಲಿಯ ಪರಿಷತ್ತಿನ ಪುಸ್ತಕ ಮತ್ತೆ ಬದಲಾಗಲೆಂದು ಕಾದಿರಬೇಕಾಗಿಲ್ಲ. ಒಂಬತ್ತು ಹತ್ತನೆಯ ತರಗತಿಗಳಿಗೆ ಬ್ಯಾಕ್ಟೀರಿಯಾಜನ್ಯ ರೋಗಗಳ ಲಕ್ಷಣ, ಚಿಕಿತ್ಸೆ, ತಡೆಗಳನ್ನು ತಿಳಿಸುವ ಒಂದು ಸಣ್ಣ ಪೂರಕ ಪುಸ್ತಕವನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಅದಕ್ಕೆ ಅಂಕಗಳ ಬಂಧನ ಹಾಕದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ದಾದಿಯರನ್ನೋ ವರ್ಷದಲ್ಲಿ ಕೆಲವು ದಿನ ಶಾಲೆಗೆ ಕರೆಸಿ ಮಕ್ಕಳ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರ ಕೊಡಿಸುವ ವ್ಯವಸ್ಥೆಯನ್ನು ಬರುವ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಮೈಸೂರು