ವರ್ತಮಾನವನ್ನು ಓದುವ ಬಗೆ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುತ್ತಿರುವ ನಮ್ಮ ತರುಣ ತರುಣಿಯರ ಬಾಯಲ್ಲಿ ಇಂದು ಹೆಚ್ಚು ಸುಳಿದಾಡುವ ಮಾತೆಂದರೆ ‘ಪ್ರಚಲಿತ ವಿದ್ಯಮಾನ’. ಇತಿಹಾಸಕ್ಕೆ ಪಠ್ಯವುಂಟು, ಸಂವಿಧಾನಕ್ಕೆ ಪಠ್ಯವುಂಟು. ವಿದ್ಯಮಾನಕ್ಕೆ ಮಾತ್ರ ಗೊತ್ತಾದ ಪಠ್ಯವೂ ಇಲ್ಲ, ಗೊತ್ತಾದ ಮೇರೆಯೂ ಇಲ್ಲ. ಬೆಳಗಿನ ಪತ್ರಿಕೆಯೇ ಅದರ ಪುಸ್ತಕ. ದಿನ ಬೆಳಗಾದರೆ ಆ ಪುಸ್ತಕಕ್ಕೆ ಇನ್ನಷ್ಟು ಹಾಳೆಗಳು ಸೇರುತ್ತವೆ. ಇದಕ್ಕೆ ಅಂಜಿದ ವಿದ್ಯಾರ್ಥಿ ತಿಂಗಳಿಗೊಮ್ಮೆ ಹೊರಬರುವ ಸಂಗ್ರಹಗಳ ಮೊರೆಹೊಗುವುದು ಸಹಜ. ಯಾವ ದಿನ ಯಾವ ಒಪ್ಪಂದ, ಯಾವ ಸಮಿತಿಗೆ ಯಾರು ಅಧ್ಯಕ್ಷರು, ಯಾವ ಯೋಜನೆಗೆ ಎಷ್ಟು ಕೋಟಿ ಎಂಬುದೆಲ್ಲ ಅಲ್ಲಿ ಸಿಪ್ಪೆ ಸುಲಿದ ಕಾಳಿನಂತೆ ಅಣಿಯಾಗಿರುತ್ತದೆ.

ಈ ಪರಿಪಾಠವನ್ನು ಪೂರ್ತಿಯಾಗಿ ಹಳಿಯುವಂತಿಲ್ಲ. ಪ್ರಾಥಮಿಕ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಪತ್ರಿಕೆಯಲ್ಲಿ ೧೦೦ ಪ್ರಶ್ನೆಗಳು. ಉತ್ತರಿಸಲು ಎರಡು ಗಂಟೆಯ ಕಾಲ. ತಪ್ಪಿದ ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಪಾಲು ಕಳೆ. ಅಲ್ಲಿ ನೆನಪೇ ಬಂಡವಾಳ. ಆದರೆ ಆ ಹೊಸ್ತಿಲನ್ನು ದಾಟಿದ ಮೇಲೆ ಮುಖ್ಯ ಪರೀಕ್ಷೆಯಲ್ಲಿ ತಲಾ ೨೫೦ ಅಂಕಗಳ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳೂ ಅಷ್ಟೇ ಅಂಕಗಳ ಪ್ರಬಂಧ ಪತ್ರಿಕೆಯೂ ಎದುರಾಗುತ್ತವೆ. ಏನಾಯಿತು ಎಂಬುದಕ್ಕಿಂತ ಏಕಾಯಿತು, ಇನ್ನು ಏನಾಗಬೇಕು ಎಂಬುದನ್ನೇ ಅಲ್ಲಿ ಕೇಳುವುದು. ಅದನ್ನೂ ದಾಟಿದರೆ ಕಾದಿರುವುದು ಅಧಿಕಾರ. ವಿದ್ಯಮಾನದ ಓದು ಕೊನೆಗೆ ಸಿದ್ಧಗೊಳಿಸಬೇಕಾದುದು ಈ ಮೂರನೆಯದಕ್ಕೆ. ಒಂದು ಉದಾಹರಣೆಯಿಂದ ಈ ಮಾತನ್ನು ವಿಶದಪಡಿಸಬಹುದು; ನಮಗೆಲ್ಲ ಅತ್ಯಂತ ಪರಿಚಿತವಾದ, ಪರಿಚಿತವಾದುದರಿಂದಲೇ ನಾವು ಅರೆಬರೆಯಾಗಿ ಓದಿರುವ ಕಾವೇರಿಯ ಉದಾಹರಣೆ.

ಸಂಗ್ರಹ ಪುಸ್ತಕದಲ್ಲಿ ಕಾವೇರಿ ಅರ್ಧ ಪುಟದ ವಿಷಯ. ೧೮೯೨ರ ಒಪ್ಪಂದ, ೧೯೨೪ರ ಒಪ್ಪಂದ, ೧೯೯೦ರಲ್ಲಿ ನ್ಯಾಯಮಂಡಲಿಯ ರಚನೆ, ೧೯೯೧ರಲ್ಲಿ ಮಧ್ಯಂತರ ಆದೇಶ, ೨೦೦೭ರಲ್ಲಿ ಅಂತಿಮ ತೀರ್ಪು, ೨೦೧೮ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ನ್ಯಾಯಮಂಡಲಿ ಕಣಿವೆಯ ನೀರನ್ನು ೭೪೦ ಟಿಎಂಸಿ, ಎಂದರೆ ೭೪೦ ಶತಕೋಟಿ ಘನ ಅಡಿ ಎಂದು ಗಣಿಸಿ, ತಮಿಳುನಾಡಿಗೆ ೪೧೯, ಕರ್ನಾಟಕಕ್ಕೆ ೨೭೦, ಕೇರಳಕ್ಕೆ ೩೦, ಪುದುಚೇರಿಗೆ ೭ ಎಂದು ಹಂಚಿತು. ಸುಪ್ರೀಂ ಕೋರ್ಟು ತಮಿಳುನಾಡಿನ ಪಾಲಿನಿಂದ ೧೪.೭೫ ಟಿಎಂಸಿಯನ್ನು ಕಳೆದು ಕರ್ನಾಟಕಕ್ಕೆ ಕೂಡಿಸಿತು. ಇಷ್ಟನ್ನು ಉರು ಹೊಡೆದವನಿಗೆ ಪ್ರಶ್ನೆಯೊಂದಕ್ಕೆ ಉತ್ತರ ಸಿಕ್ಕೀತು. ಆದರೆ ಈ ಅಂಕಿಗಳ ಹಿಂದೆ ನಿಂತಿರುವ ಜನರು ಕಾಣುವುದಿಲ್ಲ.

ಆ ೧೪.೭೫ನ್ನೇ ಬಿಡಿಸಿ ನೋಡೋಣ. ಅದರಲ್ಲಿ ೪.೭೫ ಬೆಂಗಳೂರಿನ ಕುಡಿಯುವ ನೀರು. ನಗರದ ಮೂರನೆಯ ಒಂದು ಪಾಲು ಮಾತ್ರ ಕಾವೇರಿ ಕಣಿವೆಗೆ ಸೇರಿದುದೆಂದು ನ್ಯಾಯಮಂಡಲಿ ಲೆಕ್ಕ ಹಾಕಿತ್ತು. ಬಾಯಾರಿಕೆಗೆ ಕಣಿವೆಯ ಗಡಿ ಹಾಕುವುದನ್ನು ನ್ಯಾಯಾಲಯ ಒಪ್ಪಲಿಲ್ಲ. ಉಳಿದ ೧೦ ತಮಿಳುನಾಡಿನ ನೆಲದೊಳಗಿನ ಅಂತರ್ಜಲದ ಲೆಕ್ಕ. ಒಂದು ಅಂಕಿಯಲ್ಲಿ ಹೀಗೆ ನಗರವೊಂದರ ಬೆಳವಣಿಗೆಯೂ ನಾಡೊಂದರ ಭೂಗರ್ಭವೂ ಅಡಗಿವೆ.

ಇನ್ನು ಕಾರಣಗಳಿಗೆ ಬರೋಣ. ೧೮೯೨ರ ಒಪ್ಪಂದದಂತೆ, ಗೊತ್ತುಪಡಿಸಿದ ನದಿಗಳಲ್ಲಿ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಕಾಮಗಾರಿಯನ್ನು ಕೈಗೊಳ್ಳುವಂತಿರಲಿಲ್ಲ. ಒಂದು ಕಡೆ ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನ. ಇನ್ನೊಂದು ಕಡೆ ಬ್ರಿಟಿಷರೇ ಆಳುತ್ತಿದ್ದ ಪ್ರಾಂತ. ಸಮಾನರಲ್ಲದವರ ನಡುವೆ ಆದ ಒಪ್ಪಂದವೆಂಬ ಕನ್ನಡಿಗರ ಅಳಲಿಗೆ ಆಧಾರವಿದೆ. ೧೯೨೪ರ ಒಪ್ಪಂದ ಕನ್ನಂಬಾಡಿಗೂ ಮೆಟ್ಟೂರಿಗೂ ದಾರಿ ಮಾಡಿಕೊಟ್ಟಿತಾದರೂ ಮೈಸೂರಿನ ನೀರಾವರಿ ವಿಸ್ತರಣೆಗೆ ಮಿತಿಯನ್ನೂ ಕಟ್ಟಿತು. ಐವತ್ತು ವರ್ಷಗಳು ತುಂಬಿದಾಗ, ೧೯೭೪ರಲ್ಲಿ, ಒಪ್ಪಂದ ಮುಗಿಯಿತೆಂದು ಕರ್ನಾಟಕ ಹೇಳಿತು. ಕೆಲವು ಅಂಶಗಳ ಪುನರ್ವಿಮರ್ಶೆಗೆ ಮಾತ್ರ ಅವಕಾಶವೆಂದು ತಮಿಳುನಾಡು ವಾದಿಸಿತು.

ಇದು ನಾವು ಬಲ್ಲ ಕಥೆ. ಆದರೆ ನದಿಯ ಕೆಳಗಣ ನೆಲದಲ್ಲಿ ನಿಂತು ನೋಡಿದರೆ ಇನ್ನೊಂದು ಕಥೆ ಕಾಣುತ್ತದೆ. ಕರಿಕಾಲ ಚೋಳನ ಹೆಸರಿನೊಡನೆ ಬೆಸೆದುಕೊಂಡ ಕಲ್ಲಣೆಯ ಕಾಲದಿಂದ ತಂಜಾವೂರಿನ ಬಯಲು ಈ ನೀರನ್ನು ನಂಬಿ ಬತ್ತ ಬೆಳೆದಿದೆ. ನಮಗೆ ಮಳೆ ತರುವುದು ನೈರುತ್ಯ ಮಾರುತ, ಜೂನಿನಿಂದ ಸೆಪ್ಟೆಂಬರಿನವರೆಗೆ. ಅವರ ಮುಖ್ಯ ಮಳೆ ಈಶಾನ್ಯ ಮಾರುತದ್ದು, ಅಕ್ಟೋಬರಿನಿಂದ ಈಚೆಗೆ. ಅಲ್ಲಿ ಕುರುವೈ ಬೆಳೆಯ ನಾಟಿ ಆರಂಭವಾಗುವುದು ಜೂನಿನಲ್ಲಿ; ಮೆಟ್ಟೂರಿನ ತೂಬು ತೆರೆಯಲು ವಾಡಿಕೆಯ ದಿನ ಜೂನ್ ೧೨. ಆ ದಿನ ಅವರ ಆಕಾಶದಲ್ಲಿ ಮಳೆಯಿಲ್ಲ. ಇರುವುದು ಕೊಡಗಿನ ಆಕಾಶದಲ್ಲಿ. ನಮ್ಮ ರೈತ ಮೋಡವನ್ನು ನೋಡಿದರೆ ಅವರ ರೈತ ನಮ್ಮ ಅಣೆಕಟ್ಟನ್ನು ನೋಡುತ್ತಾನೆ.

ಮಳೆ ಸಮೃದ್ಧವಾದ ವರ್ಷ ಈ ವ್ಯಾಜ್ಯ ನಿದ್ರಿಸುತ್ತದೆ. ೨೦೨೩ರಂತೆ ಮುಂಗಾರು ಕೈಕೊಟ್ಟಾಗ ಎದ್ದು ಕೂರುತ್ತದೆ. ಆ ವರ್ಷ ಪ್ರಾಧಿಕಾರ ದಿನಕ್ಕೆ ೫,೦೦೦ ಕ್ಯೂಸೆಕ್ ನೀರು ಬಿಡಲು ಸೂಚಿಸಿತು. ಸೆಪ್ಟೆಂಬರ್ ೨೧ರಂದು ಸುಪ್ರೀಂ ಕೋರ್ಟು ಅದರಲ್ಲಿ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ೨೬ರಂದು ಬೆಂಗಳೂರು, ೨೯ರಂದು ಕರ್ನಾಟಕ ಬಂದ್ ಆಯಿತು. ಸಾಧಾರಣ ವರ್ಷದ ಹಂಚಿಕೆ ತೀರ್ಪಿನಲ್ಲಿ ಸ್ಪಷ್ಟವಾಗಿದೆ. ನೀರು ಕಡಮೆಯಾದಾಗ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಮೆಯಾಗಬೇಕೆಂಬ ತತ್ತ್ವವೂ ಅದರಲ್ಲಿದೆ. ಆದರೆ ಆ ತತ್ತ್ವವನ್ನು ದಿನದಿನದ ಲೆಕ್ಕಕ್ಕೆ ಇಳಿಸುವ, ಎಲ್ಲರೂ ಒಪ್ಪಿದ ಸೂತ್ರವೊಂದು ರೂಪುಗೊಳ್ಳದೆ ಹೋದದ್ದೇ ಜಗಳದ ಮೂಲ.

ಈ ಸೂತ್ರಕ್ಕೆ ಇಂಗ್ಲಿಷಿನಲ್ಲಿ ‘ಡಿಸ್ಟ್ರೆಸ್ ಶೇರಿಂಗ್’ ಎನ್ನುತ್ತಾರೆ. ನಮ್ಮ ವಿದ್ಯಾರ್ಥಿಗಳು ಈ ಪದವನ್ನು ಹಾಗೆಯೇ ಕಂಠಸ್ಥ ಮಾಡುತ್ತಾರೆ. ಪ್ರಾಥಮಿಕ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವಾಗ ಅವರನ್ನು ದೂರುವುದು ಹೇಗೆ? ಆದರೂ ಮುಖ್ಯ ಪರೀಕ್ಷೆಯನ್ನು ೧೯೭೯ರಿಂದ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅದನ್ನು ಬಳಸಿಕೊಳ್ಳದವರೂ ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕಾಗಿಲ್ಲ. ಆ ಪದವನ್ನೊಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ‘ಕಷ್ಟ ಹಂಚಿಕೊಳ್ಳುವುದು’ ಎಂದಾಗುತ್ತದೆ. ಸುಗ್ಗಿಯ ವರ್ಷದಲ್ಲಿ ನೀರು ಹಂಚಿಕೆ, ಬರದ ವರ್ಷದಲ್ಲಿ ಕಷ್ಟ ಹಂಚಿಕೆ. ಇಬ್ಬರು ದಾಯಾದಿಗಳು ಒಂದೇ ಕೆರೆಯ ಕೆಳಗೆ ಬದುಕುವ ಹಳ್ಳಿಯಲ್ಲಿ ಹುಟ್ಟಿದವನಿಗೆ ಇದರ ಅರ್ಥವನ್ನು ಯಾವ ಸಂಗ್ರಹವೂ ಹೇಳಿಕೊಡಬೇಕಾಗಿಲ್ಲ.

ಸುದ್ದಿಯನ್ನು ಒಂದೇ ಕಡೆಯಿಂದ ಓದಿದರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲಿ ಸಾಕ್ಷ್ಯವಿದೆ. ೧೯೯೧ರ ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ಪ್ರಕಟವಾದಾಗ ಬೆಂಗಳೂರಿನಲ್ಲಿ ಗಲಭೆಯೆದ್ದು ಪ್ರಾಣಹಾನಿಯಾಯಿತು. ತಮಿಳರ ಮನೆಗಳು ಸುಟ್ಟವು. ಗಡಿಯಾಚೆ ಕನ್ನಡಿಗರೂ ನೊಂದರು. ೨೦೧೬ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಉರಿದವು. ಅದರಿಂದ ಯಾವ ಅಣೆಕಟ್ಟಿನಲ್ಲಿಯೂ ಒಂದು ಹನಿ ನೀರು ಹೆಚ್ಚಲಿಲ್ಲ.

ಸಾಹಿತ್ಯವನ್ನು ಪಾಠ ಹೇಳುವ ನನಗೆ ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಕನ್ನಡ ನಾಡಿನ ಒಂದು ಎಲ್ಲೆಯಾಗಿ ಕಾವೇರಿಯನ್ನು ಹೆಸರಿಸುತ್ತದೆ. ತಮಿಳಿನ ಪ್ರಾಚೀನ ಕಾವ್ಯವಾದ ಶಿಲಪ್ಪದಿಗಾರಂ ಆರಂಭವಾಗುವುದು ಅದೇ ಕಾವೇರಿ ಕಡಲು ಸೇರುವ ಪುಹಾರ್ ಪಟ್ಟಣದಲ್ಲಿ. ಎರಡು ಸಾಹಿತ್ಯಗಳಿಗೂ ಅವಳು ಮನೆಯವಳೇ.

ಇದೆಲ್ಲ ಪರೀಕ್ಷಾರ್ಥಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಅಖಿಲ ಭಾರತ ಸೇವೆಯ ಸ್ವರೂಪವೇ ಇದಕ್ಕೆ ಉತ್ತರ. ಭಾರತೀಯ ಆಡಳಿತ ಸೇವೆಗೆ ನೇರವಾಗಿ ಆಯ್ಕೆಯಾಗಿ ಒಂದು ರಾಜ್ಯಕ್ಕೆ ಬರುವವರಲ್ಲಿ ಮೂರನೆಯ ಎರಡು ಪಾಲು ಹೊರರಾಜ್ಯದವರಿರಬೇಕೆಂಬುದು ನಿಯಮ. ಮಂಡ್ಯದ ಕಬ್ಬಿನ ಗದ್ದೆಯಿಂದ ಹೊರಟ ಹುಡುಗಿ ತಂಜಾವೂರಿನ ಕಲೆಕ್ಟರಾಗಬಹುದು. ಕುಂಭಕೋಣದ ಹುಡುಗ ಮಂಡ್ಯದ ಜಿಲ್ಲಾಧಿಕಾರಿಯಾಗಬಹುದು. ಬರದ ವರ್ಷ ಒಣಗಿದ ಸಸಿಯನ್ನು ಕೈಯಲ್ಲಿ ಹಿಡಿದು ರೈತರು ಬಾಗಿಲಿಗೆ ಬಂದಾಗ ಅವರ ಭಾಷೆಯಲ್ಲಿ ಅವರ ಕಷ್ಟವನ್ನು ಕೇಳಬೇಕಾದವರು ಇವರು. ಆ ದಿನ ೪೦೪.೨೫, ೨೮೪.೭೫ ಎಂಬ ಅಂಕಿಗಳು ನೆರವಿಗೆ ಬರುವುದು ಕಡಮೆ; ಜೂನ್ ತಿಂಗಳಲ್ಲಿ ಅವರ ಆಕಾಶದಲ್ಲಿ ಮಳೆಯಿರುವುದಿಲ್ಲವೆಂಬ ತಿಳಿವಳಿಕೆ ಬರುತ್ತದೆ.

ಆದುದರಿಂದ ಪತ್ರಿಕೆಯನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಸುದ್ದಿಯ ತಾರೀಖನ್ನು ಗುರುತು ಹಾಕಿಕೊಂಡ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದರ ಬೇರು ಎಷ್ಟು ಹಳೆಯದು? ಇದರಿಂದ ಯಾರ ಗದ್ದೆ ಒಣಗುತ್ತದೆ? ನನ್ನನ್ನು ಅವರ ಜಿಲ್ಲೆಗೇ ಕಳುಹಿಸಿದರೆ ನಾನು ಏನು ಮಾಡುವೆ? ಪರೀಕ್ಷೆಯಲ್ಲಿ ತೇರ್ಗಡೆಯಾಗುವವರು ಕೆಲವರೇ. ಆದರೆ ಹೀಗೆ ಓದಲು ಕಲಿತವರು ತೇರ್ಗಡೆಯಾಗದಿದ್ದರೂ ಊರಿಗೆ ಒಳ್ಳೆಯ ನಾಗರಿಕರಾಗಿ ಮರಳುತ್ತಾರೆ. ಮುಂದಿನ ಬರದ ವರ್ಷ ನಾಡಿಗೆ ಅವರ ಅಗತ್ಯವೂ ಬೀಳುತ್ತದೆ.